ಹ್ಯಾಮರ್‌ನಲ್ಲಿ ಗೋಳಗುಮ್ಮಟ ಕಟ್ಟುತ್ತಿದ್ದೇನೆ, ಗುಮ್ಮಟವೇ ದುಂಡಗಾಗುತ್ತಿಲ್ಲ

ಗೌಂಡಿಮಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮೂರು ವಿಜಯಪುರ. ಹ್ಯಾಮರ್ (ಸೋರ್ಸ್ ಎಂಜಿನ್‌ನ ಆಟಗಳಿಗೆ ಮ್ಯಾಪ್, ಅಂದರೆ ಆಟದ ಜಾಗ, ಕಟ್ಟುವ ಎಡಿಟರ್) ಹಿಡಿದು ಎಂಟು ತಿಂಗಳಾಯಿತು, ಸೋರ್ಸ್ ಎಸ್‌ಡಿಕೆ 2013. ಎರಡು ಸಣ್ಣ ಮ್ಯಾಪ್ ಮುಗಿಸಿದ್ದೇನೆ, ಎರಡೂ ಬರೀ ಡಬ್ಬಿ ಡಬ್ಬಿ ಕೋಣೆಗಳು. ಈಗ ಮೈಮೇಲೆ ಎಳೆದುಕೊಂಡಿರುವುದು ಗೋಳಗುಮ್ಮಟ. ಹೊರಗಿನದು ಬೇಡ, ಒಳಗಿನದು ಮಾತ್ರ. ದೊಡ್ಡ ಚೌಕದ ಹಾಲ್, ಮೇಲೆ ಪಿಸುಗುಟ್ಟುವ ಗ್ಯಾಲರಿ, ಅದರ ಮೇಲೆ ಗುಮ್ಮಟ.

ಹಾಲ್ ಆಯಿತು. ಒಂದು ಬದಿ ಸುಮಾರು 41 ಮೀಟರ್, ನಡುವೆ ಒಂದೇ ಒಂದು ಕಂಬ ಇಲ್ಲ. ಡಬ್ಬಿ ತಾನೇ, ನನಗೆ ಸುಲಭ. ಸಿಕ್ಕಿಬಿದ್ದಿರುವುದು ಗುಮ್ಮಟದಲ್ಲಿ.

ನಾನು ಮಾಡಿದ್ದು ಇಷ್ಟು. ಮೊದಲು ಸ್ಫಿಯರ್ ಎಳೆದು, ಅರ್ಧ ಕತ್ತರಿಸಿ, ಒಳಗೆ ಟೊಳ್ಳು ಮಾಡುವ ಮೇಕ್ ಹಾಲೋ ಕೊಟ್ಟೆ, ದಪ್ಪ 64 ಯೂನಿಟ್. ಬಂದದ್ದನ್ನು ನೋಡಿ ನನಗೇ ನಗು ಬಂತು. ಚೂರುಗಳೆಲ್ಲ ಒಂದರ ಮೈಮೇಲೆ ಒಂದು ಹತ್ತಿ ಕೂತಿದ್ದವು, ಒಡೆದ ಮಡಕೆಯನ್ನು ಕತ್ತಲಲ್ಲಿ ಜೋಡಿಸಿದ ಹಾಗೆ. ಆಮೇಲೆ ಆರ್ಚ್ ಟೂಲ್‌ನಲ್ಲಿ 32 ಬದಿಯ ಬಳೆ ಮಾಡಿದೆ. ಅದನ್ನೇ ಕಾಪಿ ಮಾಡಿ, ಚಿಕ್ಕದು ಮಾಡಿ, ಒಂದರ ಮೇಲೊಂದು ಇಟ್ಟು, ವರ್ಟೆಕ್ಸ್ ಟೂಲ್‌ನಲ್ಲಿ ಒಳಕ್ಕೆ ಬಾಗಿಸಿದೆ. ನೋಡಲು ಚೆನ್ನಾಗೇ ಇತ್ತು. ಆದರೆ ಚುಕ್ಕಿಗಳು ಒಂದೂ ಗ್ರಿಡ್ ಮೇಲಿಲ್ಲ. ಗ್ರಿಡ್‌ಗೆ ಸ್ನ್ಯಾಪ್ ಮಾಡಿದೆ. ತಪ್ಪು ಹುಡುಕುವ ಆಲ್ಟ್ ಪಿ ಒತ್ತಿದರೆ 'ಇನ್‌ವ್ಯಾಲಿಡ್ ಸಾಲಿಡ್' ಅಂತ 47 ಸಾಲು. ಫಿಕ್ಸ್ ಒತ್ತಿದರೆ ಆ ಬ್ರಷ್ಷೇ (ಮ್ಯಾಪ್ ಕಟ್ಟುವ ಘನ ತುಂಡು) ಮಾಯ. ಉಳಿದದ್ದನ್ನು ಕಂಪೈಲ್ ಮಾಡಿದೆ, ಲೀಕ್, ಅಂದರೆ ಮ್ಯಾಪ್ ಎಲ್ಲೋ ಹೊರಗಿನ ಶೂನ್ಯಕ್ಕೆ ತೆರೆದಿದೆ. ಲೀಕ್‌ನ ದಾರಿ ತೋರಿಸುವ ಪಾಯಿಂಟ್‌ಫೈಲ್ ಹಾಕಿದರೆ ಕೆಂಪು ಗೆರೆ ಸೀದಾ ಗುಮ್ಮಟದ ಬಿರುಕಿನಿಂದ ಹೊರಗೆ ಹೋಗುತ್ತದೆ.

ಮೂರು ವಾರ ಹೋಯಿತು. 1656ರ ಹೊತ್ತಿಗೆ ಗಾರೆ, ಇಟ್ಟಿಗೆಯಲ್ಲಿ ನಿಲ್ಲಿಸಿದ್ದನ್ನು ನನಗೆ ಮೌಸ್‌ನಲ್ಲಿ ನಿಲ್ಲಿಸಲು ಆಗುತ್ತಿಲ್ಲ. ನನ್ನಪ್ಪ ಗೌಂಡಿ, ಸ್ಕ್ರೀನ್ ನೋಡಿ 'ಸೋರ್ತದಲ್ಲೋ ಇದು' ಅಂದು ಹೋದರು. ಲೀಕ್ ಅಂದರೆ ಅವರಿಗೂ ಅದೇ ಅರ್ಥ.

ಡಿಸ್‌ಪ್ಲೇಸ್‌ಮೆಂಟ್ (ಮುಖವನ್ನು ಸಣ್ಣ ತ್ರಿಕೋನಗಳಾಗಿ ಒಡೆದು ಬಾಗಿಸುವುದು) ಬಳಸಲೇ? ಬೇರೆ ದಾರಿ ಇದೆಯೇ? ಗೊತ್ತಿದ್ದವರು ದಯವಿಟ್ಟು ಹೇಳಿ.

---

ಹಳೇಕ್ವೇಕ್

ತಮ್ಮಾ, ಮೊದಲು ಕಾರ್ವ್ (ಒಂದು ಬ್ರಷ್‌ನಿಂದ ಇನ್ನೊಂದನ್ನು ಕೊರೆಯುವುದು) ಮತ್ತು ಮೇಕ್ ಹಾಲೋ ಎರಡನ್ನೂ ಮರೆತುಬಿಡು. ಆ ಬಟನ್‌ಗಳು ಇವೆ ಅಂತಲೇ ನೆನಪಿಟ್ಟುಕೊಳ್ಳಬೇಡ.

ಬ್ರಷ್ ಅಂದರೆ ಮೈಸೂರ್ ಪಾಕ್ ಇದ್ದ ಹಾಗೆ. ಚಾಕು ನೇರ ಹೋಗುತ್ತದೆ, ಈ ಕಡೆಯಿಂದ ಆ ಕಡೆಗೆ. ಎಷ್ಟು ಸಲ ಬೇಕಾದರೂ ಕೊಯ್ಯಬಹುದು, ಎಂಟು ಬದಿ, ಹದಿನಾರು ಬದಿ. ಆದರೆ ನಡುವೆ ಬಟ್ಟಲಿನ ಹಾಗೆ ತೋಡಲು ಆ ಚಾಕುವಿಗೆ ಬರುವುದಿಲ್ಲ. ಅದಕ್ಕೇ ಟೊಳ್ಳು ಗುಮ್ಮಟ ಒಂದೇ ಬ್ರಷ್‌ನಲ್ಲಿ ಆಗುವುದಿಲ್ಲ. ತುಂಡುಗಳಲ್ಲೇ ಕಟ್ಟಬೇಕು.

ತುಂಡು ಯಾಕೆ ಕೆಡುತ್ತಿವೆ ಅಂದರೆ, ಗುಮ್ಮಟದ ಒಂದು ಹಲಗೆಗೆ ನಾಲ್ಕು ಮೂಲೆ. ಮೂರು ಕಾಲಿನ ಸ್ಟೂಲ್ ಎಲ್ಲಿಟ್ಟರೂ ಕೂರುತ್ತದೆ, ನಾಲ್ಕು ಕಾಲಿನದು ನೆಲ ಸಮ ಇಲ್ಲದಿದ್ದರೆ ಅಲ್ಲಾಡುತ್ತದೆ, ಅಲ್ವಾ? ನೀನು ಸ್ನ್ಯಾಪ್ ಮಾಡಿದಾಗ ಒಂದೊಂದು ಮೂಲೆಯೂ ತನಗೆ ಹತ್ತಿರದ ಚುಕ್ಕಿಗೆ ಓಡಿತು. ಒಂದು ಎಡಕ್ಕೆ, ಒಂದು ಮೇಲಕ್ಕೆ. ನಾಲ್ಕನೆಯದು ಉಳಿದ ಮೂರರ ಸಮತಲ ಬಿಟ್ಟು ಎದ್ದುಬಿಟ್ಟಿತು. ಹ್ಯಾಮರ್‌ಗೆ ಅದು ಬ್ರಷ್ಷೇ ಅಲ್ಲ.

ನಮ್ಮ ಕಾಲದಲ್ಲಿ ಕ್ವೇಕ್ 3 ಆಟ ಬಂದಾಗ, 1999ರಲ್ಲಿ, ಪ್ಯಾಚ್ ಅಂತ ಕೊಟ್ಟರು. ನಿಜವಾದ ಬಾಗು. ಮೂರು ಬೈ ಮೂರು ಹಿಡಿ ಚುಕ್ಕಿ, ನಡುವಿನದನ್ನು ಎಳೆದರೆ ಬಾಗುತ್ತದೆ. ನಾನು ರಾತ್ರಿಯಿಡೀ ಎಳೆದಿದ್ದೇ ಎಳೆದಿದ್ದು. ಒಂದು ತಮಾಷೆ ಹೇಳುತ್ತೇನೆ, ಅದೂ ಸರಿಯಾದ ವೃತ್ತ ಅಲ್ಲ. ಕಾಲು ವೃತ್ತವನ್ನು ಒಂದೇ ಬೆವೆಲ್ ಪ್ಯಾಚ್‌ನಲ್ಲಿ ಮಾಡಿದರೆ ನಡುವೆ ಸುಮಾರು 6 ಶೇಕಡಾ ಉಬ್ಬುತ್ತದೆ. 512 ತ್ರಿಜ್ಯಕ್ಕೆ 31 ಯೂನಿಟ್. ಒಂದು ಕಮಾನಿನ ಒಳಗೆ ಬ್ರಷ್ ಕಂಬ ಕೂರಿಸಲು ಹೋಗಿ, ಆ 31 ಯೂನಿಟ್ ಸಂದು ಎಲ್ಲಿಂದ ಬಂತು ಅಂತ ಎರಡು ದಿನ ತಲೆ ಕೆರೆದುಕೊಂಡಿದ್ದೆ. ಕಾಲನ್ನು ಮತ್ತೆ ಎರಡು ಭಾಗ ಮಾಡಿದರೆ ಉಬ್ಬು 0.3 ಶೇಕಡಾಕ್ಕೆ ಇಳಿಯುತ್ತದೆ. ಸೋರ್ಸ್‌ನಲ್ಲಿ ಹೇಗೂ ಪ್ಯಾಚ್ ಇಲ್ಲ ಬಿಡು, ಹಳೇ ಮಂದಿ ಹಳೇ ಕತೆ.

ಡಿಸ್‌ಪ್ಲೇಸ್‌ಮೆಂಟ್ ಆಗುತ್ತದೆ, ಆದರೆ ನಾಲ್ಕು ಮೂಲೆಯ ಮುಖಕ್ಕೆ ಮಾತ್ರ. ತುದಿಯ ತ್ರಿಕೋನಗಳಿಗೆ ಬರಲ್ಲ. ಒಡೆಯುವ ಮಟ್ಟ, ಅಂದರೆ ಪವರ್, 3 ಕೊಟ್ಟರೆ ಒಂದೊಂದು ಮುಖಕ್ಕೆ 128 ತ್ರಿಕೋನ. ಗುಡ್ಡಕ್ಕೆ ಸರಿ, ಗುಮ್ಮಟಕ್ಕೆ ಜಾಸ್ತಿ.

---

ಬ್ಲೆಂಡರ್‌ಬಸವ

ಇಷ್ಟೆಲ್ಲ ಯಾಕೆ? ಬ್ಲೆಂಡರ್‌ನಲ್ಲಿ (3ಡಿ ಮಾಡೆಲ್ ಮಾಡುವ ತಂತ್ರಾಂಶ) ಗುಮ್ಮಟ ಮಾಡಿ, ಮಾಡೆಲ್ ಆಗಿ ತಂದು, ಸ್ಟ್ಯಾಟಿಕ್ ಪ್ರಾಪ್, ಅಂದರೆ ಅಲುಗದ ವಸ್ತುವಾಗಿ, ಇಟ್ಟುಬಿಡಿ. ಅರ್ಧ ಗಂಟೆ ಕೆಲಸ. ಈಗ ಯಾರು ಬ್ರಷ್‌ನಲ್ಲಿ ದುಂಡು ಮಾಡುತ್ತಾರೆ.

---

ಶೂನ್ಯಚುಕ್ಕಿ

ಬಸವ ಹೇಳಿದ್ದು ತಪ್ಪಲ್ಲ. ಆದರೆ ಇವರ ಕೆಲಸಕ್ಕೆ ಒಂದು ತೊಡಕಿದೆ. ಸೋರ್ಸ್ 2013ರಲ್ಲಿ ಪ್ರಾಪ್ ಮೇಲೆ ಬೆಳಕು ಸಾಮಾನ್ಯವಾಗಿ ಮಾಡೆಲ್‌ನ ಮೂಲೆ ಚುಕ್ಕಿಗಳಿಗೆ ಲೆಕ್ಕ ಆಗುತ್ತದೆ, ಬ್ರಷ್ ಹಾಗೆ ಲೈಟ್‌ಮ್ಯಾಪ್ (ಮುಖದ ಮೇಲೆ ಹಾಸಿದ ಬೆಳಕಿನ ಚಿತ್ರ) ಅಲ್ಲ. ಇಷ್ಟು ದೊಡ್ಡ ಮಾಡೆಲ್‌ನಲ್ಲಿ ಗ್ಯಾಲರಿಯ ನೆರಳು ಬಳಿದ ಹಾಗೆ ಮಸುಕು ಬರುತ್ತದೆ. ಗೋಳಗುಮ್ಮಟದ ಒಳಗೆ ಇರುವುದೇ ಆ ಬೆಳಕು. ಗೋಡೆ ಸಾದಾ, ಚಿತ್ರ ಇಲ್ಲ. ಬೆಳಕು ಕೆಟ್ಟರೆ ಉಳಿಯುವುದು ಏನು?

ಗೌಂಡಿಮಗ, ನಿಮ್ಮ ತಪ್ಪು ಒಂದೇ. ವೃತ್ತ ಮಾಡಿ ಆಮೇಲೆ ಗ್ರಿಡ್‌ಗೆ ಸ್ನ್ಯಾಪ್ ಮಾಡಿದಿರಿ. ಉಲ್ಟಾ ಮಾಡಿ. ಗ್ರಿಡ್‌ನಲ್ಲಿ ಆಗಲೇ ಇರುವ ವೃತ್ತವನ್ನು ತೆಗೆದುಕೊಳ್ಳಿ.

ತ್ರಿಜ್ಯ 25 ಇಟ್ಟುಕೊಳ್ಳಿ. ಕೇಂದ್ರದಿಂದ ಸರಿಯಾಗಿ 25 ದೂರದಲ್ಲಿ, ದಶಾಂಶ ಇಲ್ಲದ ಚುಕ್ಕಿಗಳು ಯಾವುವು? (25, 0). (24, 7). (20, 15). (15, 20). (7, 24). (0, 25). ಬೇಕಾದರೆ ಗುಣಿಸಿ ನೋಡಿ: 24ರ ವರ್ಗ 576, 7ರ ವರ್ಗ 49, ಕೂಡಿದರೆ 625. ಇದು ಕಾಲು ವೃತ್ತ. ನಾಲ್ಕು ಕಡೆ ತಿರುಗಿಸಿದರೆ ಒಟ್ಟು 20 ಚುಕ್ಕಿ. ಒಂದೂ ಅಂದಾಜು ಅಲ್ಲ, ಎಲ್ಲವೂ ವೃತ್ತದ ಮೇಲೇ ಕೂತಿವೆ. ಯಾವ ಪೂರ್ಣ ಸಂಖ್ಯೆಯಿಂದ ದೊಡ್ಡದು ಮಾಡಿದರೂ ಗ್ರಿಡ್ ಬಿಡುವುದಿಲ್ಲ.

ಈಗ ಗುಮ್ಮಟ. ಅಡ್ಡ ಕೊಯ್ದರೂ ಅದೇ ವೃತ್ತ, ಉದ್ದ ಕೊಯ್ದರೂ ಅದೇ ವೃತ್ತ. ಎತ್ತರಕ್ಕೂ ಇದೇ ಆರು ಚುಕ್ಕಿ ಬಳಸಿ. ಆಗ ಎರಡು ಸಲ 25ರಿಂದ ಭಾಗ ಆಗುತ್ತದೆ, ಅಂದರೆ ತ್ರಿಜ್ಯ 625ರ ಮಡಿ ಇರಬೇಕು. 1250 ತೆಗೆದುಕೊಳ್ಳಿ. ಬಳೆಗಳು ಹೀಗೆ ಬರುತ್ತವೆ:

ಎತ್ತರ 0, ತ್ರಿಜ್ಯ 1250: (1250, 0) (1200, 350) (1000, 750) (750, 1000) (350, 1200)

ಎತ್ತರ 350, ತ್ರಿಜ್ಯ 1200: (1200, 0) (1152, 336) (960, 720) (720, 960) (336, 1152)

ಎತ್ತರ 750, ತ್ರಿಜ್ಯ 1000: (1000, 0) (960, 280) (800, 600) (600, 800) (280, 960)

ಎತ್ತರ 1000, ತ್ರಿಜ್ಯ 750: (750, 0) (720, 210) (600, 450) (450, 600) (210, 720)

ಎತ್ತರ 1200, ತ್ರಿಜ್ಯ 350: (350, 0) (336, 98) (280, 210) (210, 280) (98, 336)

ತುದಿ 1250.

ಎಲ್ಲವೂ ಸಮಸಂಖ್ಯೆ. ಗ್ರಿಡ್ 2ರಲ್ಲಿ ಇಟ್ಟು ಕೆಲಸ ಮಾಡಿ. ಹಳೇಕ್ವೇಕ್ ಸರ್ ಹೇಳಿದ ಸ್ಟೂಲ್ ಇಲ್ಲಿ ಅಲ್ಲಾಡುವುದಿಲ್ಲ. ಯಾಕೆಂದರೆ ಕೆಳಗಿನ ಬಳೆಯ ಅಂಚು, ಮೇಲಿನ ಬಳೆಯ ಅಂಚು ಎರಡೂ ಒಂದೇ ದಿಕ್ಕಿಗೆ ಇರುತ್ತವೆ. ಎರಡು ಗೆರೆ ಸಮಾಂತರ ಇದ್ದರೆ ನಾಲ್ಕು ಮೂಲೆ ಒಂದೇ ಸಮತಲದಲ್ಲಿ ಬಂದೇ ಬರುತ್ತವೆ.

ಕೈಯಿಂದ ಮಾಡಬೇಕಾದದ್ದು ಕಾಲು ಭಾಗ ಮಾತ್ರ. ನಾಲ್ಕು ಸಾಲು, ಸಾಲಿಗೆ ಐದು ಹಲಗೆ, 20 ಬ್ರಷ್. ಅದನ್ನು ಕಾಪಿ ಮಾಡಿ ಫ್ಲಿಪ್ ಕೊಟ್ಟು ಪಕ್ಕಕ್ಕೆ ಎಳೆಯಿರಿ, ಅರ್ಧ ಆಯಿತು. ಅರ್ಧವನ್ನು ಮತ್ತೆ ಫ್ಲಿಪ್ ಮಾಡಿ, ಪೂರ್ತಿ ಆಯಿತು. ತುದಿಗೆ 20 ಬದಿಯ ಒಂದು ಮುಚ್ಚಳ. ಒಟ್ಟು 81 ಬ್ರಷ್.

ಹಲಗೆಗೆ ದಪ್ಪ ಹೇಗೆ ಅಂದರೆ, ಒಳಮುಖದ ನಾಲ್ಕು ಮೂಲೆಯನ್ನು ಹಾಗೇ ಹೊರಕ್ಕೆ ಜರುಗಿಸಿ, ನಾಲ್ಕನ್ನೂ ಒಂದೇ ಅಳತೆಗೆ, ಒಂದೇ ದಿಕ್ಕಿಗೆ. ಹಿಂದುಗಡೆ ಹಲಗೆಗಳ ನಡುವೆ ಸಂದು ಬೀಳುತ್ತದೆ, ಬೀಳಲಿ. ಒಳಗೆ ನಿಂತವನಿಗೆ ಕಾಣಲ್ಲ.

---

ಗೌಂಡಿಮಗ

ಅಣ್ಣಾ, ಓದಿದ ಕೂಡಲೇ ಮೊದಲ ಸಾಲು ಮಾಡಿದೆ. ಆಲ್ಟ್ ಪಿ ಒತ್ತಿದೆ. 'ನೋ ಪ್ರಾಬ್ಲಮ್ಸ್'. ಎಂಟು ತಿಂಗಳಲ್ಲಿ ನಾನು ನೋಡಿದ ಅತಿ ಚಂದದ ಡಬ್ಬಿ ಅದು.

ಇನ್ನೊಂದು ನಡೆಯಿತು. ಆ ಚುಕ್ಕಿಗಳನ್ನು ಹಾಳೆಯ ಮೇಲೆ ಬರೆದುಕೊಂಡಿದ್ದೆ. ಅಪ್ಪ ಊಟಕ್ಕೆ ಬಂದವರು (15, 20, 25) ನೋಡಿ 'ಇದು ನಮ್ಮ ಲೆಕ್ಕ' ಅಂದರು. ಪಾಯ ಹಾಕುವಾಗ ಮೂಲೆ ಸರಿ ಇದೆಯೋ ಇಲ್ಲವೋ ನೋಡಲು ದಾರ ಕಟ್ಟಿ, ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಡಿ ಗುರುತು ಹಾಕುತ್ತಾರೆ. ಓರೆಯಾಗಿ ಟೇಪ್ ಹಿಡಿದರೆ ಐದು ಬರಬೇಕು. ದೊಡ್ಡ ಮನೆಯಾದರೆ 15, 20, 25 ಅಡಿಯಲ್ಲಿ ನೋಡುತ್ತಾರಂತೆ, ಆಗ ತಪ್ಪು ಬೇಗ ಗೊತ್ತಾಗುತ್ತದೆ. ನಾನು ಚಿಕ್ಕವನಿದ್ದಾಗ ಆ ಟೇಪಿನ ತುದಿ ಹಿಡಿದು ಬಿಸಿಲಲ್ಲಿ ನಿಂತಿದ್ದೇನೆ. ಅದು ಮೂಲೆಗೆ ಮಾತ್ರ ಅಂದುಕೊಂಡಿದ್ದೆ, ದುಂಡಿಗೂ ಆಗುತ್ತದೆ ಅಂತ ಹೊಳೆದಿರಲಿಲ್ಲ. ಅಪ್ಪನಿಗೂ ಹೊಳೆದಿರಲಿಲ್ಲ. 7, 24 ಅವರಿಗೆ ಹೊಸದು. ಹಾಳೆ ಮಡಿಚಿ ಅಂಗಿ ಜೇಬಿಗೆ ಹಾಕಿಕೊಂಡು ಹೋದರು. ನಾನು ಮತ್ತೆ ಬರೆದುಕೊಂಡೆ.

ಈಗ ಮೂರು ಅನುಮಾನ.

ಹಲಗೆಗಳು ಒಂದೇ ಅಗಲ ಇಲ್ಲ. ಮೊದಲನೆಯದು 353 ಚಿಲ್ಲರೆ, ಎರಡನೆಯದು 447. ಕಾಣುತ್ತದೆಯೇ? ಇನ್ನು, ಕೆಳಗಿನ ಹಾಲ್ ಚೌಕ. ಚೌಕದಿಂದ 20 ಬದಿಗೆ ಹೇಗೆ ಸೇರಿಸುವುದು? ಮತ್ತೆ, ಲೀಕ್ ಆಗದಿರಲಿ ಅಂತ ಎಲ್ಲದರ ಸುತ್ತ ಒಂದು ದೊಡ್ಡ ಡಬ್ಬಿ ಹಾಕಿದೆ. ಲೀಕ್ ಹೋಯಿತು, ಆದರೆ ವಿವಿಸ್ (ಕಂಪೈಲ್‌ನ ಒಂದು ಹಂತ) ನಿನ್ನೆ ರಾತ್ರಿ ಶುರುವಾದದ್ದು ಬೆಳಿಗ್ಗೆಯೂ ಓಡುತ್ತಿತ್ತು. ಕರೆಂಟ್ ಹೋಗಿ ನಿಂತಿತು.

---

ಹಳೇಕ್ವೇಕ್

ವಿವಿಸ್ ಪ್ರಶ್ನೆಗೆ ನಾನು ಹೇಳುತ್ತೇನೆ. ಗುಮ್ಮಟದ 81 ಬ್ರಷ್ಷನ್ನೂ ಆಯ್ದು ಫಂಕ್ ಡೀಟೇಲ್ ಮಾಡು. ಈಗ ಅವೆಲ್ಲ ವರ್ಲ್ಡ್ ಬ್ರಷ್. ಒಂದೊಂದು ಓರೆ ಮುಖವೂ ಹಾಲ್‌ನ ಗಾಳಿಯನ್ನು ಕತ್ತರಿಸುತ್ತಿದೆ. ಎಲ್ಲಿಂದ ಏನು ಕಾಣುತ್ತದೆ ಅಂತ ವಿವಿಸ್ ಪ್ರತಿ ಚೂರಿಗೂ ಲೆಕ್ಕ ಹಾಕುತ್ತಿದೆ, ಪಾಪ. ಡೀಟೇಲ್ ಮಾಡಿದರೆ ಆ ಕತ್ತರಿಸುವಿಕೆ ಇರಲ್ಲ. ಡೀಟೇಲ್ ಬ್ರಷ್ ಲೀಕ್ ತಡೆಯುವುದಿಲ್ಲ, ಅದಕ್ಕೆ ನಿನ್ನ ಹೊರಗಿನ ಡಬ್ಬಿ ಇದೆಯಲ್ಲ, ಸಾಕು. ಡಬ್ಬಿಗೆ ನೋಡ್ರಾ (ಆಟದಲ್ಲಿ ಕಾಣದ ಟೆಕ್ಸ್‌ಚರ್) ಬಳಿ.

---

ಶೂನ್ಯಚುಕ್ಕಿ

ಅಗಲದ ಬಗ್ಗೆ: ಇಟ್ಟಿಗೆ ಟೆಕ್ಸ್‌ಚರ್ ಹಾಕಿದರೆ ಕಾಣುತ್ತದೆ. ಸಾದಾ ಗಾರೆ ಹಾಕಿದರೆ ಯಾರಿಗೂ ಗೊತ್ತಾಗಲ್ಲ. ಟೆಕ್ಸ್‌ಚರ್ ಅಲೈನ್‌ನಲ್ಲಿ ವರ್ಲ್ಡ್ ತೆಗೆದು ಫೇಸ್ ಮಾಡಿ, ಒಂದು ಹಲಗೆಯನ್ನು ಸರಿಮಾಡಿ, ಆಲ್ಟ್ ಹಿಡಿದು ಪಕ್ಕದ ಹಲಗೆಗಳ ಮೇಲೆ ರೈಟ್ ಕ್ಲಿಕ್ ಮಾಡುತ್ತಾ ಹೋಗಿ. ಸುತ್ತಿಕೊಂಡು ಬರುತ್ತದೆ. ಆಮೇಲೆ ಒಳಮುಖಗಳನ್ನೆಲ್ಲ ಒಂದೇ ಸ್ಮೂದಿಂಗ್ ಗ್ರೂಪ್‌ಗೆ ಹಾಕಿ. ಇದನ್ನು ಬಹಳ ಜನ ಮರೆಯುತ್ತಾರೆ. ಹಾಕದಿದ್ದರೆ ಕೊಡೆಯ ಕಡ್ಡಿ ಎಣಿಸಿದ ಹಾಗೆ ಮಡಿಕೆ ಮಡಿಕೆ ಕಾಣುತ್ತದೆ. ಹಾಕಿದರೆ ವಿರ್ಯಾಡ್ (ಕಂಪೈಲ್‌ನಲ್ಲಿ ಬೆಳಕು ಲೆಕ್ಕ ಹಾಕುವ ಹಂತ) ಮಡಿಕೆಯ ಎರಡೂ ಕಡೆ ಬೆಳಕನ್ನು ಕಲಸುತ್ತದೆ, 20 ಬದಿ ಕಣ್ಣಿಗೆ ದುಂಡಾಗುತ್ತದೆ.

ಚೌಕದಿಂದ ದುಂಡಿಗೆ ಹೋಗುವುದನ್ನು ನಾನೇನು ಹೇಳಲಿ, ನಿಮ್ಮೂರಿನಲ್ಲೇ ಉತ್ತರ ಇದೆ. ಗೋಳಗುಮ್ಮಟದಲ್ಲಿ ಚೌಕದ ಮೇಲೆ ನೇರ ಗುಮ್ಮಟ ಕೂರಿಸಿಲ್ಲ. ಎರಡು ಚೌಕಗಳನ್ನು ಒಂದರ ಮೇಲೊಂದು ಓರೆಯಾಗಿ ತಿರುಗಿಸಿದ ಹಾಗೆ ಎಂಟು ಕಮಾನು, ಒಂದನ್ನೊಂದು ಹಾಯ್ದು ಒಳಕ್ಕೆ ಬಾಗುತ್ತಾ ಬರುತ್ತವೆ. ಮೇಲೆ ಹೋದಂತೆ ಚೌಕ ಎಂಟು ಬದಿಯಾಗುತ್ತದೆ. ಗುಮ್ಮಟ ಆ ಒಳ ಅಂಚಿನ ಮೇಲಲ್ಲ, ಸ್ವಲ್ಪ ಹಿಂದೆ ಸರಿದು ಕೂತಿದೆ. ಆ ಬಿಟ್ಟ ಜಾಗವೇ ಪಿಸುಗುಟ್ಟುವ ಗ್ಯಾಲರಿ, ಸುಮಾರು 11 ಅಡಿ ಅಗಲ.

ಅಂದರೆ ನೀವು ಎಂಟು ಬದಿಯನ್ನು 20 ಬದಿಗೆ ಹೊಂದಿಸಬೇಕಾಗೇ ಇಲ್ಲ. ನಡುವೆ ಗ್ಯಾಲರಿಯ ನೆಲ ಬರುತ್ತದೆ. ಎಂಟು ಬದಿಗೂ ಗ್ರಿಡ್ ಲೆಕ್ಕ ಇದೆ: 5, 12, 13. ಮೂಲೆಗಳು (12, 5) (5, 12) ಹೀಗೆ ಎಂಟು. ನೇರ ಬದಿ 10, ಓರೆ ಬದಿ 9.9, ಕಣ್ಣಿಗೆ ಒಂದೇ. 80ರಿಂದ ಗುಣಿಸಿ: (960, 400) (400, 960). ಗುಮ್ಮಟ 1250ರಲ್ಲಿದೆ, ಗ್ಯಾಲರಿಯ ಒಳ ಅಂಚು 960ರಲ್ಲಿ. ಮೂಲೆಗಳಲ್ಲಿ 210 ಯೂನಿಟ್ ಅಗಲ ಉಳಿಯುತ್ತದೆ. ನಿಜವಾದ ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ, ಅಂದರೆ ನಿಮ್ಮ ಲೆಕ್ಕದಲ್ಲಿ ಅಡಿಗೆ 20 ಯೂನಿಟ್. 210 ಯೂನಿಟ್ ಅಂದರೆ ಹತ್ತೂವರೆ ಅಡಿ. ಸಾಕಲ್ವಾ?

ಒಂದೇ ಎಚ್ಚರಿಕೆ. ಹ್ಯಾಮರ್‌ನಲ್ಲಿ ಕಟ್ಟಡಕ್ಕೆ ಸಾಮಾನ್ಯವಾಗಿ ಅಡಿಗೆ 16 ಯೂನಿಟ್ ಲೆಕ್ಕ. ನಿಮ್ಮದು ಅದಕ್ಕಿಂತ ಕಾಲು ಪಾಲು ದೊಡ್ಡದು. 16ರಲ್ಲೇ ಬೇಕೆಂದರೆ ತ್ರಿಜ್ಯ 1000 ಆಗುತ್ತದೆ, ಆಗ ಎತ್ತರಕ್ಕೆ 3, 4, 5 ಮಾತ್ರ ಹೊಂದುತ್ತದೆ. ಮುಚ್ಚಳವೂ ಸೇರಿ ಮೂರೇ ಸಾಲು. ಗುಮ್ಮಟ ಅಲ್ಲ, ಬೋರಲು ಹಾಕಿದ ಬುಟ್ಟಿ ಕಾಣುತ್ತದೆ.

---

ಬ್ಲೆಂಡರ್‌ಬಸವ

ಸರಿ, ಸೋತೆ. ಆದರೆ ಗುಮ್ಮಟದ ಬುಡದಲ್ಲಿ ಹೊರಗಡೆ ತಾವರೆ ದಳ ಇವೆಯಲ್ಲ, ಅವನ್ನು ಬ್ರಷ್‌ನಲ್ಲಿ ಮಾಡಿ ತೋರಿಸಿ ನೋಡೋಣ.

---

ಗೌಂಡಿಮಗ

ದಳ ಹೊರಗಡೆ ಇದೆ ಬಸವಣ್ಣ, ನನ್ನ ಮ್ಯಾಪ್ ಒಳಗಡೆ. ಬಚಾವಾದೆ. ಹೊರಗಿನದು ಮಾಡುವ ದಿನ ಬಂದರೆ ದಳ ನಿಮಗೇ ಬಿಟ್ಟದ್ದು, ಬ್ಲೆಂಡರ್‌ನಲ್ಲೇ ಮಾಡಿಕೊಡಿ.

ಭಾನುವಾರ ಪೂರ್ತಿ ಕೂತು ಮುಗಿಸಿದೆ. ಫಂಕ್ ಡೀಟೇಲ್ ಮಾಡಿದ ಮೇಲೆ ವಿವಿಸ್ 40 ಸೆಕೆಂಡಿಗೆ ಮುಗಿಯಿತು. ನಾನು ಚಹಾ ಇಡಲು ಎದ್ದಿದ್ದೆ, ಬರುವಷ್ಟರಲ್ಲಿ ವಿರ್ಯಾಡ್ ಶುರುವಾಗಿತ್ತು. ಸ್ಮೂದಿಂಗ್ ಗ್ರೂಪ್ ಮೊದಲ ಸಲ ಮರೆತೆ, ಹೇಳಿದ ಹಾಗೇ ಕೊಡೆ ಕಂಡಿತು. ಹಾಕಿದ ಮೇಲೆ ಹೋಯಿತು. ತುದಿಯ ಮುಚ್ಚಳದಲ್ಲಿ ಇನ್ನೂ ಟೆಕ್ಸ್‌ಚರ್ ಚಕ್ಕುಲಿ ಹಾಗೆ ಸುತ್ತಿಕೊಳ್ಳುತ್ತಿದೆ, ಅಷ್ಟು ಎತ್ತರದಲ್ಲಿ ಯಾರು ನೋಡುತ್ತಾರೆ ಅಂತ ಬಿಟ್ಟಿದ್ದೇನೆ. ಎಂಟು ಕಮಾನುಗಳಲ್ಲಿ ಎರಡು ಮಾತ್ರ ಆಗಿವೆ. ಅವುಗಳ ಬಾಗು ಬೇರೆ, ಮೇಲೆ ಚೂಪು. ಅದಕ್ಕೆ ಇನ್ನೊಂದು ಪ್ರಶ್ನೆ ಹಾಕುತ್ತೇನೆ.

ಅಳತೆ 20ರಲ್ಲೇ ಇರಲಿ ಅಂತ ತೀರ್ಮಾನ ಮಾಡಿದೆ. ಲೆಕ್ಕ ಹಾಕಿ ನೋಡಿದೆ. ಆಟಗಾರನ ಎತ್ತರ 72 ಯೂನಿಟ್, ಅಡಿಗೆ 20 ಅಂದರೆ 3.6 ಅಡಿ. ಕಣ್ಣು ಇನ್ನೂ ಸ್ವಲ್ಪ ಕೆಳಗೆ. ನಾನು ಮೊದಲ ಸಲ ಗುಮ್ಮಟ ಹತ್ತಿದಾಗ ಒಂದನೇ ತರಗತಿ, ಸುಮಾರು ಅಷ್ಟೇ ಎತ್ತರ ಇದ್ದೆ. ಮೂಲೆಯ ಮಿನಾರಿನ ಮೆಟ್ಟಿಲು ಹತ್ತಿ ಹತ್ತಿ ಕಾಲು ಸೋತು, ಕೊನೆಗೆ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಗ್ಯಾಲರಿಯಲ್ಲಿ ನನ್ನನ್ನು ಒಂದು ಕಡೆ ಗೋಡೆಗೆ ಕಿವಿ ಹಚ್ಚಿ ನಿಲ್ಲಿಸಿ, ತಾವು ಸುತ್ತು ಹಾಕಿ ಎದುರು ಕಡೆ ಹೋಗಿ ಏನೋ ಪಿಸುಗುಟ್ಟಿದರು. ಶಾಲೆ ಮಕ್ಕಳ ಗುಂಪೊಂದು ಕೂಗುತ್ತಿತ್ತು, ನನಗೆ ಏನೂ ಕೇಳಲಿಲ್ಲ. ಕೇಳಿತು ಅಂತ ಸುಳ್ಳು ಹೇಳಿದ್ದೆ.

ನಿನ್ನೆ ರಾತ್ರಿ ಅಪ್ಪನಿಗೆ ಹೆಡ್‌ಫೋನ್ ಹಾಕಿ ಮ್ಯಾಪ್ ತೋರಿಸಿದೆ. ಇನ್ನೂ ಶಬ್ದ ಹಾಕಿಲ್ಲ, ಬರೀ ಹೆಜ್ಜೆ ಸಪ್ಪಳ. ಗ್ಯಾಲರಿಯಲ್ಲಿ ಒಂದು ಸುತ್ತು ಹಾಕಿದರು, ಕೀಬೋರ್ಡ್ ಮೇಲೆ ಒಂದೇ ಬೆರಳು. ಮೇಲೆ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ 'ಸೋರಲ್ಲ ಈಗ' ಅಂದರು. ಆಮೇಲೆ ಕಟಾಂಜನ ಎಲ್ಲಿ, ಹುಡುಗರು ಬಿದ್ದರೆ ಏನು ಗತಿ ಅಂತ ಕೇಳಿದರು. ಹೌದು, ಮರೆತಿದ್ದೆ. ಈಗ ಅದನ್ನೇ ಮಾಡುತ್ತಿದ್ದೇನೆ.